ಮಣೆಯಾಟದ ಕೂಟಕ್ಕೆ ಜನ ನಿಲ್ಲುವುದು ಹೇಗೆ?

ಸರಸ್ವತೀಪುರಂ: ಮೈಸೂರಿನಲ್ಲಿ ಪ್ರತಿ ಭಾನುವಾರ ಸಂಜೆ ಮಣೆಯಾಟದ ಕೂಟ ನಡೆಸುತ್ತಿದ್ದೇವೆ. ಹೊಸಬರು ಒಮ್ಮೆ ಬಂದವರು ಮತ್ತೆ ಬರುವುದಿಲ್ಲ. ಹಳಬರು ನಾಲ್ವರು ಕ್ಯಾಟನ್ ಎಂಬ ಪೆಟ್ಟಿಗೆ ಆಟ ಹರಡಿಕೊಂಡು ಕೂತರೆ ಐದನೆಯವರು ಗೋಡೆಗೆ ಒರಗಿ ನಿಲ್ಲಬೇಕು. ಕವಡೆ ಹಾಕಿ ಕಾಯಿ ನಡೆಸುವ ಚೌಕಾಬಾರದಿಂದಲೇ ಶುರು ಮಾಡೋಣ ಎಂಬುದು ನನ್ನ ಒತ್ತಾಯ.

ಪೆಟ್ಟಿಗೆ ಆಟ: ಚೌಕಾಬಾರವೂ ನಾಲ್ವರ ಆಟವೇ. ಐದನೆಯವರಿಗೆ ಅಲ್ಲಿಯೂ ಗೋಡೆಯೇ ಗತಿ.

ಸರಸ್ವತೀಪುರಂ: ಸೀಮೆಸುಣ್ಣದಲ್ಲಿ ಐದೈದು ಮನೆ ಗೀಚಿ ನಾಲ್ಕು ಕವಡೆ ಇಟ್ಟರೆ ಎರಡನೆಯ ಮಣೆ ಸಿದ್ಧ. ಕ್ಯಾಟನ್ ಪೆಟ್ಟಿಗೆಯನ್ನು ಹಾಗೆ ಗೀಚಲು ಬರುತ್ತದೆಯೇ? ನಿಯಮವೂ ಸುಲಭ: ಎದುರಾಳಿಯ ಕಾಯಿ ಕಡಿಯದೆ, ಅಂದರೆ ಹೊಡೆದು ಹೊರಹಾಕದೆ, ಒಳಸುತ್ತಿನ ಮನೆಗಳಿಗೆ ಹೋಗುವಂತಿಲ್ಲ.

ಗಟ್ಟಿಕಾಯಿ: ‘ಹೋಗುವಂತಿಲ್ಲ’ ಎಂದವರು ಯಾರು? ನಮ್ಮ ಹಾಸನದ ಮನೆಯಲ್ಲಿ ಕಡಿಯದೆಯೂ ಹೋಗುತ್ತೇವೆ. ಅಜ್ಜಿ ಕಲಿಸಿದ್ದು ಹಾಗೆಯೇ.

ಕವಡೆ: ಕಡಿಯದೆಯೇ ಕಾಯಿ ನಡುಮನೆ ಸೇರಿ ಹಣ್ಣಾಗುವುದಾದರೆ ಯಾರನ್ನೂ ಎದುರಿಸದೆ ಕಟ್ಟೆಯಿಂದ ಕಟ್ಟೆಗೆ, ಅಂದರೆ ಕಡಿಯಲಾಗದ ಮನೆಯಿಂದ ಮನೆಗೆ, ಕಾಯಿ ಸಾಗಿಸಿ ಗೆದ್ದುಬಿಡಬಹುದು. ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿ ಎಂಬ ತಮ್ಮ ಗ್ರಂಥದಲ್ಲಿ ಕೌತುಕನಿಧಿ ಎಂಬ ಭಾಗವನ್ನೇ ಆಟಗಳಿಗೆ ಮೀಸಲಿಟ್ಟರು. ಆಟಕ್ಕೆ ಶಾಸ್ತ್ರವಿದೆ, ಸ್ವಾಮಿ.

ಗಟ್ಟಿಕಾಯಿ: ಶಾಸ್ತ್ರವೇ? ಕಡಿಯಲೇಬೇಕೆಂಬ ಸಾಲು ಅದರಲ್ಲಿದ್ದರೆ ಪುಟ ತೋರಿಸಿ. ಅರಸರ ಹೆಸರು ಹೇಳಿ ಬಾಯಿ ಮುಚ್ಚಿಸಬೇಡಿ.

ಕವಡೆ: ಬಾಯಿ ಮುಚ್ಚಿಸಿದ್ದು ಯಾರು? ಕವಡೆಯಲ್ಲಿ ನಾಲ್ಕು ಬಿದ್ದರೆ ಇನ್ನೊಂದು ಗರ, ಅಂದರೆ ಮತ್ತೊಮ್ಮೆ ಕವಡೆ ಹಾಕುವ ಸರದಿ, ಎಂಟು ಬಿದ್ದರೆ ಇನ್ನೊಂದು ಗರ, ಕಡಿದರೂ ಇನ್ನೊಂದು ಗರ. ಇದನ್ನಂತೂ ಎಲ್ಲರೂ ಒಪ್ಪುತ್ತಾರೆ. ಕಡಿಯುವುದಕ್ಕೆ ಇಷ್ಟು ಬೆಲೆ ಕೊಡುವ ಆಟದಲ್ಲಿ ಅದೇ ಬೇಡವೆಂದರೆ ಆಟದಲ್ಲಿ ಉಳಿದದ್ದೇನು?

ಪೆಟ್ಟಿಗೆ ಆಟ: ‘ಎಲ್ಲರೂ ಒಪ್ಪುತ್ತಾರೆ’! ಇಲ್ಲಿ ನೀವಿಬ್ಬರೇ ಒಬ್ಬರ ನಿಯಮವನ್ನೊಬ್ಬರು ಒಪ್ಪುತ್ತಿಲ್ಲ. ಕ್ಯಾಟನ್ 1995ರಲ್ಲಿ ಜರ್ಮನಿಯಲ್ಲಿ ಬಂತು, ಒಳಗೆ ನಿಯಮದ ಪುಸ್ತಕವಿದೆ. ಹೊಸಬರಿಗೆ ಬೇಕಾದದ್ದು ಅದು.

ಅಳಗುಳಿ: ಪುಸ್ತಕ ಕೈಗಿಟ್ಟರೆ ಬಂದವರು ಕೂರುವುದಿಲ್ಲ, ಪಕ್ಕದಲ್ಲಿ ಕೂತು ಕಲಿಸುವವರು ಬೇಕು. ಕಾಯುವವರಿಬ್ಬರಿಗೆ ಅಳಗುಳಿಮಣೆ ಕೊಡಿ. ಹದಿನಾಲ್ಕು ಗುಳಿ, ಒಂದು ಹಿಡಿ ಹುಣಸೆಬೀಜ ಸಾಕು.

ಗಟ್ಟಿಕಾಯಿ: ‘ಕಲಿಸುವವರು’ ಎಂದಿರಲ್ಲ, ಯಾವ ನಿಯಮ ಕಲಿಸುತ್ತೀರಿ? ಅದನ್ನು ಹೇಳಿ ಮೊದಲು.

ಸರಸ್ವತೀಪುರಂ: ಕಡಿದೇ ಒಳಗೆ ಹೋಗುವ ನಿಯಮ. ಬರುವ ಭಾನುವಾರ ಹಲಗೆಯ ಮೇಲೆ ಬರೆದಿಡುತ್ತೇನೆ. ಕೂಟಕ್ಕೆ ಒಂದೇ ನಿಯಮವಿರಲಿ. ಮನೆಯಲ್ಲಿ ಯಾರು ಹೇಗಾದರೂ ಆಡಲಿ.

ಗಟ್ಟಿಕಾಯಿ: ಬರೆಯಿರಿ. ಪಕ್ಕದ ಮಣೆಯಲ್ಲಿ ನಾನು ಹಾಸನದ ನಿಯಮವನ್ನೇ ಕಲಿಸುತ್ತೇನೆ.