ಮಳೆಗಾಲದ ವೈರಲ್ ಜ್ವರಕ್ಕೆ ಕಷಾಯ, ಸೊಪ್ಪು, ಹಣ್ಣು: ನಿಮ್ಮ ಅನುಭವವೇನು?

ಅರಸೀಕೆರೆಯಿಂದ ಕೇಳಿದವರು:

ಮಳೆ ಹಿಡಿದಾಗಿನಿಂದ ನಮ್ಮ ಬೀದಿಯಲ್ಲಿ ಮನೆಗೊಬ್ಬರಂತೆ ಜ್ವರದಿಂದ ಮಲಗಿದ್ದಾರೆ. ಸಕ್ಕರೆ ಕಾಯಿಲೆಯಿರುವ ಅತ್ತೆಯವರೂ ಹತ್ತು ತಿಂಗಳ ಮಗುವೂ ಮನೆಯಲ್ಲಿರುವುದರಿಂದ, ಜ್ವರ ಬಾರದಂತೆ ದಿನವೂ ಏನು ಕೊಡಬಹುದೆಂದು ಬಲ್ಲವರು ದಯವಿಟ್ಟು ತಿಳಿಸಿ.

ಸಕಲೇಶಪುರದಿಂದ:

ಮೊದಲು ಮಗುವಿನ ವಿಷಯ. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪವನ್ನು ನೆಕ್ಕಿಸಲೂ ಕೂಡದು. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದ ಬೀಜಕಣಗಳು ಎಳೆಯ ಕರುಳಿನಲ್ಲಿ ಬೆಳೆದು, ನರಗಳನ್ನು ಸೋಲಿಸುವ ವಿಷವನ್ನು ಹುಟ್ಟಿಸಬಲ್ಲವು. ದೊಡ್ಡಪತ್ರೆಯ ರಸಕ್ಕೆ ಜೇನು ಬೆರೆಸಿ ಕುಡಿಸುವ ರೂಢಿ ನಮ್ಮ ಕಡೆ ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಮಗುವಿಗೆ ಎದೆಹಾಲು ಮುಂದುವರಿಸಿ, ಲಸಿಕೆಗಳನ್ನು ತಪ್ಪಿಸಬೇಡಿ.

ನಮ್ಮ ಮನೆಯಲ್ಲಿ ಮಳೆಗಾಲ ಮುಗಿಯುವವರೆಗೂ ಕಷಾಯದ ಪುಡಿ ಇದ್ದೇ ಇರುತ್ತದೆ. ಕೊತ್ತಂಬರಿ ಬೀಜ, ಜೀರಿಗೆ, ತೋಟದ ಕಾಳುಮೆಣಸನ್ನು ಘಮ ಬರುವವರೆಗೆ ಬೇರೆಬೇರೆಯಾಗಿ ಹುರಿದು, ಒಣಶುಂಠಿಯೊಡನೆ ತರಿತರಿಯಾಗಿ ಕುಟ್ಟಿಡುತ್ತೇವೆ. ನೆಗಡಿ ಬಂದಾಗ ಅದನ್ನು ಕುದಿಸಿ ಬಿಸಿಬಿಸಿ ಕುಡಿದರೆ ಗಂಟಲಿಗೆ ಹಿತವಾಗುತ್ತದೆ, ಕಟ್ಟಿದ ಮೂಗು ಸಡಿಲವಾಗುತ್ತದೆ, ನೀರೇ ಬೇಡವೆನ್ನುವ ಹಿರಿಯರ ಹೊಟ್ಟೆಗೂ ಒಂದಿಷ್ಟು ದ್ರವ ಸೇರುತ್ತದೆ. ಇಷ್ಟು ಉಪಕಾರವನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಕಷಾಯ ಕುಡಿದವರಿಗೆ ಸೋಂಕು ತಗಲುವುದಿಲ್ಲ ಎಂಬ ಮಾತನ್ನು ನಂಬಿ, ಕೆಮ್ಮುವವರ ಪಕ್ಕದಲ್ಲೇ ಮಗುವನ್ನು ಮಲಗಿಸಬೇಡಿ. ಅರಿಸಿನದ ವಿಷಯವೂ ಹೀಗೆಯೇ: ಅದರ ಔಷಧೀಯ ಗುಣಕ್ಕೆ ಕಾರಣವೆನ್ನುವ ಕರ್ಕ್ಯುಮಿನ್ ಎಂಬ ಅಂಶ ಅದರಲ್ಲಿರುವುದು ಶೇ. 3ರ ಆಸುಪಾಸಿನಲ್ಲಿ, ಅದೂ ರಕ್ತಕ್ಕೆ ಸೇರುವುದು ಅತ್ಯಲ್ಪ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ವೈರಾಣುವನ್ನು ತಡೆದ ವಸ್ತು ಮನುಷ್ಯನ ಮೈಯಲ್ಲೂ ಅದೇ ಕೆಲಸ ಮಾಡಿಬಿಡುತ್ತದೆಂದು ಹೇಳಲಾಗದು.

ಅತ್ತೆಯವರ ಕಷಾಯಕ್ಕೆ ಬೆಲ್ಲ ಹಾಕಬೇಡಿ. ಅಮೃತಬಳ್ಳಿ ಸಕ್ಕರೆಯ ಅಂಶವನ್ನು ಇಳಿಸಬಹುದಾದ್ದರಿಂದ, ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಅದನ್ನು ನಿತ್ಯ ಸೇವಿಸಬಾರದು. ಕೋವಿಡ್ ಕಾಲದಲ್ಲಿ ಅದನ್ನು ಸೇವಿಸಿದ ಕೆಲವರ ಯಕೃತ್ತಿಗೆ ಹಾನಿಯಾದುದನ್ನು ಮುಂಬೈನ ವೈದ್ಯರು ವರದಿ ಮಾಡಿದ್ದರು. ಆಯುಷ್ ಸಚಿವಾಲಯ ಆ ವಾದವನ್ನು ಒಪ್ಪಲಿಲ್ಲ. ತಜ್ಞರಲ್ಲೇ ತಕರಾರಿರುವಾಗ ಸಕ್ಕರೆ ಕಾಯಿಲೆಯಿರುವ ಹಿರಿಯರ ಮೇಲೆ ಪ್ರಯೋಗ ಮಾಡುವುದು ನನಗೆ ಸರಿಯೆನಿಸುವುದಿಲ್ಲ. ಅದರ ಬದಲು ದೊಡ್ಡಪತ್ರೆ ಅಥವಾ ಒಂದೆಲಗದ ತಂಬುಳಿ, ಬೇಳೆ, ಮೊಟ್ಟೆ, ನೂರು ಗ್ರಾಂಗೆ ಸುಮಾರು 200 ಮಿಲಿಗ್ರಾಂ ಸಿ ಜೀವಸತ್ವವಿರುವ ಸೀಬೆಹಣ್ಣಿನ ಎರಡು ಹೋಳು, ಹೀಗೆ ಊಟ ಸಮೃದ್ಧವಾಗಿರಲಿ. ವರ್ಷಕ್ಕೊಮ್ಮೆ ಹಾಕಿಸುವ ಫ್ಲೂ ಲಸಿಕೆಯ ಬಗ್ಗೆಯೂ ಅವರ ವೈದ್ಯರನ್ನು ವಿಚಾರಿಸಿ.

ಕೊಪ್ಪದಿಂದ:

ಮೇಲಿನವರ ಮಾತಿಗೆ ನನ್ನ ಸಹಮತವಿದೆ. ಜ್ವರ ಯಾವುದೆಂದು ತಿಳಿಯುವುದು ಮುಖ್ಯವೆಂಬುದನ್ನು ಮಾತ್ರ ಸೇರಿಸುತ್ತೇನೆ. ನಮ್ಮ ಭಾಗದಲ್ಲಿ ಬೇಸಿಗೆ ಸಮೀಪಿಸುವಾಗ ಮಂಗನ ಕಾಯಿಲೆಯ ಭಯವಿರುತ್ತದೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗ ಉಣುಗು ಕಚ್ಚುವುದರಿಂದ ಬರುವುದರಿಂದ, ಸೊಪ್ಪು ದರಕಿಗೆ ಕಾಡಿಗೆ ಹೋಗುವವರನ್ನು ಕಾಯುವುದು ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ, ತುಂಬುತೋಳಿನ ಬಟ್ಟೆ ಮತ್ತು ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನವೇ ಹೊರತು ಯಾವ ಬೇರೂ ಅಲ್ಲ.

ಅರಸೀಕೆರೆಯಲ್ಲಿ ಈಗ ನೀವು ನೋಡಬೇಕಾದುದು ಡೆಂಗಿಯನ್ನು. ಪರಂಗಿ ಎಲೆಯ ರಸ ಪ್ಲೇಟ್‌ಲೆಟ್ ಏರಿಸುತ್ತದೆಂದು ಕೆಲವು ಸಣ್ಣ ಅಧ್ಯಯನಗಳು ಹೇಳಿದರೂ, ಅದು ಜೀವ ಉಳಿಸುತ್ತದೆಂಬುದು ಸಾಬೀತಾಗಿಲ್ಲ; ವಾಂತಿಯಾಗುತ್ತಿರುವವರಿಗೆ ಆ ಕಹಿ ಕುಡಿಸಿದರೆ ಇದ್ದ ನೀರಿನಂಶವೂ ಹೋಗುತ್ತದೆ. ಗಂಜಿ, ಎಳನೀರು, ಓಆರ್‌ಎಸ್ ಕೊಡಿ. ಅತ್ತೆಯವರಿಗಾದರೆ ಸಕ್ಕರೆ ಪರೀಕ್ಷಿಸುತ್ತಾ ಕೊಡಿ. ಜ್ವರಕ್ಕೆ ಪ್ಯಾರಸಿಟಮಾಲ್ ಸಾಕು, ಆಸ್ಪಿರಿನ್ ಮತ್ತು ಐಬುಪ್ರೊಫೆನ್ ಬೇಡ. ಜ್ವರ ಇಳಿಯಿತೆಂದು ನಿಶ್ಚಿಂತರಾಗುವ ಹೊತ್ತೇ ಡೆಂಗಿಯಲ್ಲಿ ಅಪಾಯದ ಹೊತ್ತು: ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ ಅಥವಾ ಅತಿಯಾದ ಸುಸ್ತು ಕಂಡರೆ ಕಷಾಯಕ್ಕೆ ನೀರಿಡದೆ ಆಸ್ಪತ್ರೆಗೆ ಹೊರಡಿ. ಡ್ರಮ್ಮು, ತೊಟ್ಟಿಗಳನ್ನು ವಾರಕ್ಕೊಮ್ಮೆ ಬರಿದು ಮಾಡಿ ತಿಕ್ಕಿ ತೊಳೆಯಿರಿ. ಡೆಂಗಿ ಹರಡುವ ಸೊಳ್ಳೆ ಹಗಲಿನಲ್ಲಿ ಕಚ್ಚುವುದರಿಂದ ಮಗು ಮಧ್ಯಾಹ್ನ ಮಲಗುವಾಗಲೂ ಸೊಳ್ಳೆಪರದೆ ಕಟ್ಟಿ.