ಸಮಸ್ಯಾಪೂರಣ: ‘ಏಳರಿಂ ಗುಣಿಸಿದೊಡೆ ಬರಿಸೊನ್ನೆ ಮಾಲೆ’

ಸಂಚಾಲಕರು, ಮೈಸೂರು: ಕಾವ್ಯಾಸಕ್ತರೆಲ್ಲರಿಗೂ ನಮಸ್ಕಾರ. ಈ ವಾರದ ಸಮಸ್ಯೆಯು ಪಂಚಮಾತ್ರಾ ಚೌಪದಿಯ, ಎಂದರೆ ಐದೈದು ಮಾತ್ರೆಗಳ ಗಣಗಳಲ್ಲಿ ನಡೆಯುವ ನಾಲ್ಕು ಸಾಲಿನ ಪದ್ಯದ, ಕೊನೆಯ ಪಾದವಾಗಿದೆ; ಉಳಿದ ಮೂರು ಪಾದಗಳನ್ನು ರಚಿಸಿ ಅದಕ್ಕೆ ಅರ್ಥ ಹೊಂದಿಸಬೇಕು. ಸೊನ್ನೆಯಲ್ಲದ ಯಾವ ಸಂಖ್ಯೆಯನ್ನು ಏಳರಿಂದ ಗುಣಿಸಿದರೂ ಸೊನ್ನೆ ಬಾರದೆಂಬುದೇ ಇಲ್ಲಿನ ತೊಡಕು. ಆದಿಪ್ರಾಸದ ಳಕಾರವನ್ನು, ಎಂದರೆ ಪ್ರತಿ ಪಾದದ ಎರಡನೆಯ ಅಕ್ಷರವಾಗಿ ಬರುವ ‘ಳ’ವನ್ನು, ಬಿಡುವಂತಿಲ್ಲ.

ಸದಸ್ಯರು, ಮಂಡ್ಯ:

ಹೇಳುವೆನು ನೂರನಲುವತ್ತೆರಡ ಮೊದಲಿರಿಸಿ
ಮೇಳವಿಸುತೆಂಟೈದನೇಳನುಂ ಬಳಿಕ
ಕಾಳಿನೊಲು ನೂರನಲುವತ್ತುಮೂರ ಪೋಣಿಸೆ
ಏಳರಿಂ ಗುಣಿಸಿದೊಡೆ ಬರಿಸೊನ್ನೆ ಮಾಲೆ

ಸಂಖ್ಯೆ 142857143, ಅದರ ಏಳರಷ್ಟು 1000000001. ನೂರು ಕೋಟಿಯನ್ನು ಏಳರಿಂದ ಭಾಗಿಸಿದರೆ 142857142 ಬಂದು ಆರು ಶೇಷವಾಗಿ ಉಳಿಯುತ್ತದೆ. ಭಾಜ್ಯಕ್ಕೆ ಒಂದನ್ನು ಕೂಡಿಸಿದ ಕೂಡಲೇ ಶೇಷವು ತೀರಿ, ಕೊನೆಯ 142 ಎಂಬುದು 143 ಆಗುತ್ತದೆ.

ಸದಸ್ಯರು, ಶ್ರೀರಂಗಪಟ್ಟಣ: ಮೂರು ಪಾದಗಳಲ್ಲಿ ಒಂಬತ್ತು ಅಂಕಿಗಳನ್ನೂ ಕ್ರಮ ತಪ್ಪದಂತೆ ಅಡಕ ಮಾಡಿರುವುದು ಮೆಚ್ಚತಕ್ಕದ್ದೇ. ಆದರೆ ‘ಬರಿಸೊನ್ನೆ’ ಎಂಬ ಮಾತಿಗೆ ಸಮರ್ಥನೆ ದೊರೆಯಲಿಲ್ಲ, ಏಕೆಂದರೆ ಎರಡು ತುದಿಗಳಲ್ಲಿಯೂ ಒಂದು ಕುಳಿತಿದೆ. ತಮ್ಮ ಕಾಳನ್ನೇ ಎರವಲು ಪಡೆದು ಹೀಗೆ ಪೂರೈಸಿದ್ದೇನೆ:

ಕೇಳು ಹನ್ನೊಂದು ಹದಿಮೂರು ಹತ್ತೊಂಬತ್ತು
ಆಳದಲಿ ಮತ್ತೊಂದು ಸೀಳದಿಹ ಸಂಖ್ಯೆ
ಕಾಳಿರಲು ತುದಿಗೊಂದು ತುದಿಗೊಂದು ನಡುವೆಲ್ಲ
ಏಳರಿಂ ಗುಣಿಸಿದೊಡೆ ಬರಿಸೊನ್ನೆ ಮಾಲೆ

1000000001 ಎಂಬುದು ಸಾವಿರದ ಘನಕ್ಕೆ ಒಂದರ ಘನವನ್ನು ಕೂಡಿಸಿದ ಮೊತ್ತವಾದ್ದರಿಂದ ಅದು 1001 ಮತ್ತು 999001 ಎಂದು ಒಡೆಯುತ್ತದೆ. 1001 ಎಂದರೆ ಏಳು, ಹನ್ನೊಂದು, ಹದಿಮೂರರ ಗುಣಲಬ್ಧ. 999001 ಎಂದರೆ ಹತ್ತೊಂಬತ್ತು ಮತ್ತು 52579ರ ಗುಣಲಬ್ಧ. ಇವುಗಳಲ್ಲಿ ಏಳನ್ನು ತೆಗೆದರೆ ಉಳಿಯುವುದೇ ನಮ್ಮ ಸಂಖ್ಯೆ. ಅವಿಭಾಜ್ಯವಾದ 52579 ಈ ಛಂದಸ್ಸಿನಲ್ಲಿ ಹಿಡಿಸಲು ಒಪ್ಪದ ಕಾರಣ ಅದನ್ನು ಹೆಸರಿಸದೆ ‘ಸೀಳದಿಹ ಸಂಖ್ಯೆ’ ಎಂದಷ್ಟೇ ಕರೆದಿದ್ದೇನೆ.

ಸಂಚಾಲಕರು, ಮೈಸೂರು: ‘ನಡುವೆಲ್ಲ’ ಎಂಬ ಒಂದೇ ಪದವು ಸಮಸ್ಯೆಯ ವಿರೋಧವನ್ನು ಪರಿಹರಿಸಿರುವುದರಿಂದ ಎರಡನೆಯ ಪೂರಣಕ್ಕೇ ನನ್ನ ಒಲವು. ಹಾರದ ಕಲ್ಪನೆಗೆ ನಮ್ಮ ನಾಡಿನಲ್ಲಿಯೇ ಹಳೆಯ ಆಧಾರವಿದೆ: ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದಲ್ಲಿ, ಎಡದಿಂದಲೂ ಬಲದಿಂದಲೂ ಒಂದೇ ಆಗಿ ಓದಿಸಿಕೊಳ್ಳುವ ಗುಣಲಬ್ಧಗಳನ್ನು ಕಂಠಾಭರಣವೆಂದೇ ಬಣ್ಣಿಸಿದ್ದಾನೆ.

ಸದಸ್ಯರು, ಮಂಡ್ಯ: ಆಕ್ಷೇಪವನ್ನು ಒಪ್ಪಿದೆ. ಏಳರ ಬದಲು ಹದಿನಾಲ್ಕರಿಂದ ಗುಣಿಸಿದರೆ 2000000002, ಹೀಗೆಯೇ ಏರುತ್ತ ಅರುವತ್ತಮೂರರಿಂದ ಗುಣಿಸಿದರೆ 9000000009 ಬರುತ್ತದೆ. ನಡುವಿನ ಎಂಟು ಸೊನ್ನೆಗಳು ಕದಲುವುದಿಲ್ಲ. ಎಪ್ಪತ್ತನ್ನು ತಲುಪಿದಾಗ ಮಾತ್ರ 10000000010 ಬಂದು ಸಮತೆ ತಪ್ಪುತ್ತದೆ. ಸಂಚಾಲಕರು ಒಪ್ಪುವುದಾದರೆ ಮುಂದಿನ ವಾರಕ್ಕೆ ಇದನ್ನೇ ಸಮಸ್ಯೆಯಾಗಿ ಇಡಬಹುದು: ‘ಎಪ್ಪತ್ತರಿಂ ಗುಣಿಸೆ ಹರಿದಿತ್ತು ಹಾರ’.