ಕೆಆರ್‌ಎಸ್ ರಸ್ತೆಯ ಹೆಸರು: ನಮ್ಮ ಮನೆ ಗುಂಪಿನಲ್ಲಿ

(ಡಿಸೆಂಬರ್ 2024, ಮೈಸೂರು)

ದೊಡ್ಡಪ್ಪ: 📷 ಪೇಪರ್ ನೋಡಿ ಎಲ್ಲರೂ. ಒಂಟಿಕೊಪ್ಪಲು ಲಕ್ಷ್ಮೀವೆಂಕಟರಮಣಸ್ವಾಮಿ ದೇವಸ್ಥಾನದಿಂದ ರಿಂಗ್ ರಸ್ತೆವರೆಗೆ ‘ಸಿದ್ದರಾಮಯ್ಯ ಆರೋಗ್ಯ ಮಾರ್ಗ’ ಅಂತ ಹೆಸರಿಡುತ್ತಾರಂತೆ. ಆಕ್ಷೇಪಣೆ ಇದ್ದರೆ ಹೇಳಿ ಅಂತ ಪಾಲಿಕೆ ಕೇಳಿದೆ. ನನಗಂತೂ ಸಂತೋಷ.

ಅಕ್ಕ: ಬದುಕಿರುವವರ ಹೆಸರು, ಅದೂ ಅಧಿಕಾರದಲ್ಲಿರುವಾಗ! ಬೇಡ ದೊಡ್ಡಪ್ಪ. ಪಾಲಿಕೆಯಲ್ಲಿ ಈಗ ಚುನಾಯಿತ ಸದಸ್ಯರೂ ಇಲ್ಲ.

ಚಿಕ್ಕಪ್ಪ: ಆ ರಸ್ತೆಯಲ್ಲಿ ಜಯದೇವ ಹೃದಯದ ಆಸ್ಪತ್ರೆ ಬಂತು, ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬಂತು, ಟ್ರಾಮಾ ಸೆಂಟರ್ ಬಂತು. ಮುಂಚೆ ಎದೆನೋವು ಬಂದರೆ ಬೆಂಗಳೂರಿಗೆ ಓಡಬೇಕಿತ್ತು. ಮಾಡಿದವರ ಹೆಸರಿಟ್ಟರೆ ತಪ್ಪೇನು?

ನಾನು: ಚಿಕ್ಕಪ್ಪ, ನಾವು ಕೆಆರ್‌ಎಸ್ ರಸ್ತೆ ಅನ್ನುವುದರ ಹೆಸರು ಮೊದಲಿಂದಲೂ ಪ್ರಿನ್ಸೆಸ್ ರಸ್ತೆ ಅಲ್ವಾ?

ಚಿಕ್ಕಪ್ಪ: ಯಾವ ಆಟೋದವರಿಗೆ ಹಾಗಂದರೆ ಗೊತ್ತಾಗುತ್ತೆ? ಅರಮನೆಯವರ ಹೆಸರು ಊರು ತುಂಬಾ ಇದೆ. ಸಿದ್ದರಾಮನಹುಂಡಿಯ ರೈತನ ಮಗನ ಹೆಸರು ಒಂದು ರಸ್ತೆಗೆ ಬೇಡವಾ?

ನಾನು: ಬೇಡ ಅಂತ ಯಾರೂ ಹೇಳುತ್ತಿಲ್ಲ. ಕೊನೆಯ ಮಾತು ನನಗೂ ಒಪ್ಪಿಗೆ. ಹೊಸ ಆಸ್ಪತ್ರೆಯ ಒಂದು ಕಟ್ಟಡಕ್ಕೆ ಅವರ ಹೆಸರಿಡಲಿ, ನಾನೇ ಸಹಿ ಹಾಕುತ್ತೇನೆ. ಆದರೆ ಈ ರಸ್ತೆಗೆ ಬೇಡ. ಪ್ರಿನ್ಸೆಸ್ ಅಂದರೆ ಕೃಷ್ಣಾಜಮ್ಮಣ್ಣಿ, ನಾಲ್ವಡಿಯವರ ಒಡಹುಟ್ಟಿದವರು. ಕ್ಷಯ ಬಂದು ಚಿಕ್ಕ ವಯಸ್ಸಿಗೇ ತೀರಿಕೊಂಡರು. ಅರಮನೆಯಲ್ಲಿ ಇದ್ದರೂ ಉಳಿಸಿಕೊಳ್ಳಲು ಆಗಲಿಲ್ಲ. 1921ರಲ್ಲಿ ಶುರುವಾದ ಕ್ಷಯದ ಆಸ್ಪತ್ರೆಗೆ ಅದಕ್ಕೇ ಅವರ ಹೆಸರು. ನಾವು ಪಿಕೆಟಿಬಿ ಅನ್ನುವುದರಲ್ಲಿ ಪಿ, ಕೆ ಅಂದರೆ ಅವರೇ. ಟ್ರಾಮಾ ಸೆಂಟರ್, ಸೂಪರ್ ಸ್ಪೆಷಾಲಿಟಿ ನಿಂತಿರುವುದೂ ಅದೇ ಆವರಣದಲ್ಲಿ. ಈ ರಸ್ತೆಗೆ ಆರೋಗ್ಯ ಬಂದಿದ್ದೇ ಆ ಹೆಣ್ಣುಮಗಳ ಸಾವಿನಿಂದ. ಅವರ ಹೆಸರನ್ನೇ ಅಳಿಸಿ ‘ಆರೋಗ್ಯ ಮಾರ್ಗ’ ಅಂತ ಬರೆಯುವುದು ನನಗೆ ಸಂಕಟ.

ಚಿಕ್ಕಪ್ಪ: ಅಳಿಸುವುದೇನು, ಆಸ್ಪತ್ರೆಯ ಹೆಸರು ಹಾಗೇ ಇರುತ್ತೆ.

ಅತ್ತೆ: ನಾನೊಂದು ಹೇಳಲಾ? ಅಪ್ಪ ಅಲ್ಲಿ ಏಳು ತಿಂಗಳು ಇದ್ದರು. ನನಗೆ ಆಗ ಆರು ವರ್ಷ. ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಕೊಡುತ್ತಿದ್ದರು. ಅದು ಬರುವ ಮುಂಚೆ ಈ ಕಾಯಿಲೆಗೆ ಒಳ್ಳೆ ಗಾಳಿ, ಊಟ, ವಿಶ್ರಾಂತಿ ಬಿಟ್ಟರೆ ಬೇರೇನೂ ಇರಲಿಲ್ಲವಂತೆ. ಅಮ್ಮ ದಿನಾ ಪಡುವಾರಹಳ್ಳಿಯಿಂದ ಕ್ಯಾರಿಯರ್ ಹಿಡಿದು ನಡೆದು ಹೋಗುತ್ತಿದ್ದಳು. ನನ್ನನ್ನು ಒಳಗೆ ಬಿಡುತ್ತಿರಲಿಲ್ಲ. ಮರದ ಕೆಳಗೆ ನಿಲ್ಲಿಸುತ್ತಿದ್ದಳು. ಅಪ್ಪ ಜಗಲಿಗೆ ಬಂದು ಟವೆಲ್ ಬೀಸುತ್ತಿದ್ದರು. ಬಿಳಿ ಟವೆಲ್, ಕೆಂಪು ಅಂಚು. ಬೀಸದ ದಿನ ಅಮ್ಮ ಮಾತಾಡದೆ ಮನೆಗೆ ಬರುತ್ತಿದ್ದಳು. ಅವಳು ಯಾವತ್ತೂ ‘ಪ್ರಿನ್ಸೆಸ್ ಆಸ್ಪತ್ರೆ’ ಅಂತಲೇ ಅನ್ನುತ್ತಿದ್ದಳು. ಕೈ ಮುಗಿದೇ ಅನ್ನುತ್ತಿದ್ದಳು.

ಅಕ್ಕ: ಅತ್ತೆ, ಇದನ್ನು ಇಷ್ಟು ವರ್ಷ ಯಾಕೆ ಹೇಳಲಿಲ್ಲ?

ಅತ್ತೆ: ಟಿಬಿ ಅಂದರೆ ಆಗ ಹೆಣ್ಣು ಕೇಳಿಕೊಂಡು ಬರುತ್ತಿರಲಿಲ್ಲ ಕಣೆ. ಬಾಯಿ ಬಿಡಬೇಡ ಅಂತ ಅಮ್ಮ ಹೇಳಿದ್ದಳು.

ನಾನು: ಆಕ್ಷೇಪಣೆ ಬರೆಯುತ್ತಿದ್ದೇನೆ. ತಾತನ ವಿಷಯ ಸೇರಿಸಲಾ ಅತ್ತೆ?

ಅತ್ತೆ: ಸೇರಿಸು. ಈಗ ಮುಚ್ಚಿಡುವುದು ಏನಿದೆ.

ಚಿಕ್ಕಪ್ಪ: ನನ್ನ ಅಭಿಪ್ರಾಯ ಬದಲಾಗಿಲ್ಲ. ಸಿದ್ದರಾಮಯ್ಯನವರಿಗೆ ಈ ಊರು ಋಣಿ. ನಾನು ಸಹಿ ಹಾಕುವುದಿಲ್ಲ.

ದೊಡ್ಡಪ್ಪ: ಅಪ್ಪನ ಡಿಸ್ಚಾರ್ಜ್ ಚೀಟಿ ನನ್ನ ಟ್ರಂಕಿನಲ್ಲಿದೆ. ಮೇಲ್ಗಡೆ ಆಸ್ಪತ್ರೆಯ ಪೂರ್ತಿ ಹೆಸರು ಅಚ್ಚಾಗಿದೆ. ಸಂಜೆ ಹುಡುಕಿ ಫೋಟೊ ಹಾಕುತ್ತೇನೆ. ಅರ್ಜಿ ಜೊತೆ ಇಡು.